ಯಾವ 275 ರೀ?

ಮಕ್ತಲ್ ಕಡೆಯ ರೈತರೊಬ್ಬರು ರಾಯಚೂರಿನ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಗೆ ಬಂದು ‘275ರ ಪಿಸ್ಟನ್ ಕೊಡ್ರಿ’ ಎಂದರೆ ಕೌಂಟರಿನ ಆಚೆಯವರು ಕೂಡಲೇ ಕಪಾಟಿಗೆ ಕೈಹಾಕುವುದಿಲ್ಲ. ‘ಯಾವ 275 ರೀ? ನಾಕು ಸಿಲಿಂಡರಿಂದೋ, ಮೂರರದೋ?’ ಎಂದು ತಿರುಗಿ ಕೇಳುತ್ತಾರೆ. ಆ ಪ್ರಶ್ನೆಯ ಹಿಂದೆ ಅರವತ್ತು ವರ್ಷದ ಚರಿತ್ರೆಯಿದೆ. ಬಿ-275 ಎಂಬುದು ಮೂಲದಲ್ಲಿ ಇಂಗ್ಲೆಂಡಿನಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತಯಾರಿಸುತ್ತಿದ್ದ ನಾಲ್ಕು ಸಿಲಿಂಡರಿನ ಗಾಡಿ. 1963ರಲ್ಲಿ ಮಹೀಂದ್ರ, ವೋಲ್ಟಾಸ್ ಮತ್ತು ಆ ಕಂಪನಿ ಸೇರಿ ಹುಟ್ಟುಹಾಕಿದ ಸಂಸ್ಥೆ ಮುಂದೆ ಅದನ್ನು ಮುಂಬಯಿಯಲ್ಲೇ ತಯಾರಿಸಿತು. 1977ರಲ್ಲಿ ಆ ಸಂಸ್ಥೆ ಮಹೀಂದ್ರದೊಳಗೆ ವಿಲೀನವಾಯಿತು. ಸಂಖ್ಯೆ ಮಾತ್ರ ರೈತರ ಬಾಯಲ್ಲಿ ನಿಂತುಬಿಟ್ಟಿತ್ತು. ಕಂಪನಿಯೂ ಅದನ್ನು ಬಿಡಲಿಲ್ಲ. ಈಗ ಷೋರೂಮಿನಲ್ಲಿ ಸಿಗುವ 275 ಡಿಐಗೆ ಮೂರೇ ಸಿಲಿಂಡರು. ಹೆಸರು ಒಂದೇ ಆದರೂ ಪಿಸ್ಟನ್ ಬೇರೆ, ಲೈನರ್ ಬೇರೆ, ಹೆಡ್ ಗ್ಯಾಸ್ಕೆಟ್ ಬೇರೆ. ತಪ್ಪು ಸಾಮಾನು ಕಟ್ಟಿಸಿಕೊಂಡು ಹೋದವರಿಗೆ ಒಂದು ದಿನದ ಉಳುಮೆ ಹೋಯಿತು, ಬಸ್ಸಿನ ದುಡ್ಡೂ ಹೋಯಿತು.

ಹಾಗಾಗಿ ಅನುಭವಿಗಳು ಕೆಟ್ಟ ಭಾಗವನ್ನೇ ಬಿಚ್ಚಿ, ಗೋಣಿತಟ್ಟಿನಲ್ಲಿ ಸುತ್ತಿ, ಕೈಯಲ್ಲಿ ಹಿಡಿದುಕೊಂಡೇ ಬರುತ್ತಾರೆ.

ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಈಗ ತೆಲಂಗಾಣದ ಊರುಗಳು. ಗದ್ವಾಲ ಮತ್ತು ಆಲಂಪುರ 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮಹಬೂಬನಗರ ಜಿಲ್ಲೆಗೆ ಹೋದವು. 2016ರಲ್ಲಿ ಜೋಗುಳಾಂಬ ಗದ್ವಾಲ ಪ್ರತ್ಯೇಕ ಜಿಲ್ಲೆಯಾಯಿತು. 2019ರ ಫೆಬ್ರುವರಿಯಲ್ಲಿ ನಾರಾಯಣಪೇಟೆಯೂ ಜಿಲ್ಲೆಯಾಗಿ ಮಕ್ತಲ್ ಅದರೊಳಗೆ ಬಂತು. ನಕ್ಷೆಯ ಗೆರೆ ಎಷ್ಟು ಸಲ ಬದಲಾದರೂ ಟ್ರ್ಯಾಕ್ಟರ್ ಕೆಟ್ಟ ದಿನ ಈ ಭಾಗದ ಎಷ್ಟೋ ಮಂದಿ ಬಸ್ಸು ಹತ್ತುವ ದಿಕ್ಕು ಬದಲಾಗಲಿಲ್ಲ. ಕೃಷ್ಣಾ ಮಂಡಲದ ಗುಡೇಬಲ್ಲೂರಿನಂಥ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯದು ತೆಲುಗು. ಮೆಕ್ಯಾನಿಕ್ ಶೆಡ್ಡಿನೊಳಗೆ ದಖ್ಖನಿಯೂ ಸೇರಿ ಮೂರೂ ಒಟ್ಟಿಗೇ ನಡೆಯುತ್ತವೆ.

ರಾಯಚೂರಿಗೇ ಏಕೆ ಹೋಗಬೇಕು? ಉತ್ತರ ಟ್ರ್ಯಾಕ್ಟರಿಗಿಂತ ಬಹಳ ಹಳೆಯದು. ಮುಂಬಯಿಯಿಂದ ಬಂದ ರೈಲು ಹಳಿ ಮತ್ತು ಮದ್ರಾಸಿನಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ಹತ್ತಿ ಅಲ್ಲಿಂದ ಹೊರಗೆ ಹೋಯಿತು, ಕಬ್ಬಿಣ ಅಲ್ಲಿಗೆ ಒಳಗೆ ಬಂತು. ಮುಂದೆ ನಿಜಾಮರ ಸರ್ಕಾರ ದೇವಸೂಗೂರಿನ ಬಳಿ ಕೃಷ್ಣೆಗೆ ಸಿರತ್-ಎ-ಜೂದಿ ಎಂಬ ಸೇತುವೆ ಕಟ್ಟಿಸಿತು; 1940ರ ದಶಕದಲ್ಲಿ ಮುಗಿದ ಆ ಸೇತುವೆ ಮಕ್ತಲ್ ಸೀಮೆಯನ್ನು ರಾಯಚೂರಿನ ಗಂಜ್ ಮಾರುಕಟ್ಟೆಗೆ ಗಟ್ಟಿಯಾಗಿ ಕಟ್ಟಿಹಾಕಿತು. ಹತ್ತಿ ಮಾರಲು ಹೋದ ಊರಿನಲ್ಲೇ ಮೊಳೆ, ಸರಪಳಿ, ನೇಗಿಲಿನ ಕುಳ ಕೊಳ್ಳುವುದು ರೂಢಿಯಾಯಿತು. ಟ್ರ್ಯಾಕ್ಟರಿನ ಸಾಮಾನು ಆ ರೂಢಿಯ ಮೇಲೆ ಆಮೇಲೆ ಬಂದು ಕೂತದ್ದು.

ಬಿಡಿಭಾಗ ಎಂಬ ಕಲ್ಪನೆಯನ್ನೇ ಈ ಎರೆಭೂಮಿಗೆ ತಂದದ್ದು ಕಬ್ಬಿಣದ ನೇಗಿಲು. ಮರದ ರೆಂಟೆಯ ಕುಳ ಸವೆದರೆ ಊರ ಕಮ್ಮಾರ ಕುಲುಮೆಯಲ್ಲಿ ಕಾಯಿಸಿ, ತಟ್ಟಿ, ಮೊನೆ ಮಾಡಿಕೊಡುತ್ತಿದ್ದ. ಅದಕ್ಕೆ ಸುಗ್ಗಿಯಲ್ಲಿ ಆಯ ಕೊಟ್ಟರೆ ಮುಗಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ಮಾಡತೊಡಗಿದರು. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನದ ಬಯಲಿಗೆ ಹೋಗಿ ಕಿರ್ಲೋಸ್ಕರವಾಡಿ ಬೆಳೆಯಿತು. ಕರಿಕೆಯ ಬೇರು ಆಳಕ್ಕೆ ಇಳಿದ ಎರೆಹೊಲಕ್ಕೆ ಅಂಥ ನೇಗಿಲೇ ಬೇಕಿತ್ತು. ಆದರೆ ಎರಕದ ಕುಳವನ್ನು ತಟ್ಟಿ ಚೂಪು ಮಾಡಲಾಗದು, ತಟ್ಟಿದರೆ ಒಡೆಯುತ್ತದೆ. ಸವೆದರೆ ಅದೇ ಅಳತೆಯ ಹೊಸದನ್ನು ಅಂಗಡಿಯಿಂದ ತಂದು ಬೋಲ್ಟು ಹಾಕಬೇಕು. ರೈತ ಕಮ್ಮಾರನ ಮನೆ ಬಿಟ್ಟು ಅಂಗಡಿಯ ಬಾಗಿಲಿಗೆ ಹೋಗಬೇಕಾಗಿ ಬಂದದ್ದು ಅಲ್ಲಿಂದಲೇ.

ನೇಗಿಲಿನ ನಂತರ ಬಂದದ್ದು ಬಾವಿಯ ಎಂಜಿನ್. ಪುಣೆಯ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ 1946ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ವಿಲಾಯತಿ ಎಂಜಿನ್ನುಗಳು ಹತ್ತಿ ಜಿನ್ನು, ಎಣ್ಣೆ ಗಿರಣಿಗಳಲ್ಲಿ ದುಡಿಯುತ್ತಿದ್ದವು. ಹೊಗೆ ಕಪ್ಪಾದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ, ನೀಲಿಯಾದರೆ ಆಯಿಲ್ ಮೇಲೇರುತ್ತಿದೆ, ಬಿಳಿಯಾದರೆ ಡೀಸೆಲ್ ಉರಿಯುತ್ತಿಲ್ಲ ಅಥವಾ ನೀರು ಸೇರಿದೆ ಎಂಬ ಜ್ಞಾನವನ್ನು ಈ ಸೀಮೆಯ ಮಿಸ್ತ್ರಿಗಳು ಕಲಿತದ್ದು ಬಾವಿಯ ದಂಡೆಯಲ್ಲಿ, ಗಿರಣಿಯ ಹಿತ್ತಲಲ್ಲಿ. ಟ್ರ್ಯಾಕ್ಟರು ಊರಿಗೆ ಬರುವ ಹೊತ್ತಿಗೆ ಅದರ ಎಂಜಿನ್ ಬಿಚ್ಚಬಲ್ಲ ಕೈಗಳು ತಯಾರಿದ್ದವು.

ಸಾಮಾನು ಮಾತ್ರ ಇರಲಿಲ್ಲ. 1951ರಲ್ಲಿ ಇಡೀ ದೇಶದಲ್ಲಿ ಇದ್ದ ಟ್ರ್ಯಾಕ್ಟರುಗಳು ಸುಮಾರು 8,600. 1961ಕ್ಕೆ 31,000ದ ಆಸುಪಾಸು. ಹೆಚ್ಚಿನವು ಹೊರದೇಶದವು: ಇಂಗ್ಲೆಂಡಿನ ಫರ್ಗುಸನ್, ಜೆಕೊಸ್ಲೊವಾಕಿಯಾದ ಜೆಟರ್, ಪೋಲೆಂಡಿನ ಉರ್ಸುಸ್, ಆಮೇಲೆ ರಷ್ಯಾದ ಡಿಟಿ-14. ವಿದೇಶಿ ವಿನಿಮಯದ ಕೊರತೆ ಬಿಗಿಯಾಗಿದ್ದ ಆ ದಿನಗಳಲ್ಲಿ ಒಂದು ನಾಜಲ್ ಬೇಕಾದರೂ ಆಮದು ಪರವಾನಗಿಯ ದಾರಿ ಕಾಯಬೇಕಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರು, ಗಂಗಾವತಿ ಕಡೆ ಕರಾವಳಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ಟ್ರ್ಯಾಕ್ಟರು ಮೊದಲೇ ಕಂಡವು, ಅವುಗಳ ಹಿಂದೆ ಮೆಕ್ಯಾನಿಕ್ಕುಗಳೂ ಬಂದರು. 1967ರಲ್ಲಿ ಮೈಸೂರು ರಾಜ್ಯದಲ್ಲಿ, 1968ರಲ್ಲಿ ಆಂಧ್ರಪ್ರದೇಶದಲ್ಲಿ ಕೃಷಿ ಕೈಗಾರಿಕಾ ನಿಗಮಗಳು ಹುಟ್ಟಿ ಆಮದು ಗಾಡಿಗಳನ್ನೂ ಅವುಗಳ ಬಿಡಿಭಾಗವನ್ನೂ ಹಂಚತೊಡಗಿದವು. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಸಾಲ ಹಳ್ಳಿಯ ಬಾಗಿಲಿಗೆ ಬಂತು.

ಅದೇ ಕಾಲಕ್ಕೆ ದೇಶದೊಳಗೇ ಕಾರ್ಖಾನೆಗಳು ಎದ್ದವು. 1959ರಲ್ಲಿ ಫರೀದಾಬಾದಿನ ಐಷರ್, ಮರುವರ್ಷ ಮದ್ರಾಸಿನಲ್ಲಿ ಮ್ಯಾಸಿ ಫರ್ಗುಸನ್ ತಯಾರಿಸಲು ಟಾಫೆ, 1971ರಲ್ಲಿ ಪಿಂಜೋರಿನಲ್ಲಿ ಎಚ್‌ಎಂಟಿ, 1974ರಲ್ಲಿ ಮೊಹಾಲಿಯ ಸ್ವರಾಜ್. ನಾಸಿಕದ ಕಿರ್ಲೋಸ್ಕರ್ ಟ್ರ್ಯಾಕ್ಟರು, ಹರ್ಷ, ಪಿಟ್ಟಿ ಎಂಬವೂ ಎಪ್ಪತ್ತರ ದಶಕದಲ್ಲೇ ಬಂದವು. ಇವುಗಳಲ್ಲಿ ಯಾವುದರ ಸಾಮಾನು ಇಂದೂ ಸಿಗುತ್ತದೆ, ಯಾವುದರದು ಸಿಗುವುದಿಲ್ಲ ಎಂಬುದನ್ನು ಗಾಡಿಯ ವಯಸ್ಸು ತೀರ್ಮಾನಿಸುವುದಿಲ್ಲ. ಎಷ್ಟು ಗಾಡಿ ಮಾರಾಟವಾದವು, ಕಂಪನಿ ಯಾರ ಕೈಗೆ ಹೋಯಿತು ಎಂಬೆರಡೇ ಅದನ್ನು ತೀರ್ಮಾನಿಸುವುದು. ಮ್ಯಾಸಿ 1035ರ ಮೂರು ಸಿಲಿಂಡರಿನ ಎಂಜಿನ್ನು ಮೂಲದಲ್ಲಿ ಬ್ರಿಟನ್ನಿನ ಪರ್ಕಿನ್ಸ್ ವಿನ್ಯಾಸ, ಮದ್ರಾಸಿನ ಸಿಂಪ್ಸನ್ ಕಂಪನಿಯ ತಯಾರಿ. ಆ ಸರಣಿ ಲಕ್ಷಗಟ್ಟಲೆ ಹೊರಬಂದದ್ದರಿಂದ ಅದರ ಪಿಸ್ಟನ್, ರಿಂಗು, ವಾಲ್ವು ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಸಿಗುತ್ತವೆ. ಐಷರ್ ಟ್ರ್ಯಾಕ್ಟರ್ ವಿಭಾಗವನ್ನು 2005ರಲ್ಲಿ ಟಾಫೆ ಕೊಂಡಿತು, ಸ್ವರಾಜ್ 2007ರಲ್ಲಿ ಮಹೀಂದ್ರದ ಪಾಲಾಯಿತು. ಮಾಲೀಕರು ಬದಲಾದರೂ ಸಾಮಾನಿನ ದಾರಿ ಮುಚ್ಚಲಿಲ್ಲ. ಹರ್ಷ, ಪಿಟ್ಟಿ ಕೊಂಡವರಿಗೆ ಆ ಅದೃಷ್ಟ ಇರಲಿಲ್ಲ.

ಎಚ್‌ಎಂಟಿಯ ಕಥೆ ಕನ್ನಡಿಗರಿಗೆ ಹೆಚ್ಚು ನೋವಿನದು. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣಕ್ಕೆಂದು ಹುಟ್ಟಿ, ಕೈಗಡಿಯಾರದಿಂದ ಮನೆಮಾತಾದ ಸಂಸ್ಥೆ ಅದು. ಅದರ ಎರಡು ಸಿಲಿಂಡರಿನ, 25 ಅಶ್ವಶಕ್ತಿಯ 2511 ಟ್ರ್ಯಾಕ್ಟರು ಜೆಟರ್ ವಿನ್ಯಾಸದ್ದು. ‘ಎಚ್‌ಎಂಟಿ ಜೆಟರ್’ ಎಂದೇ ಹಳ್ಳಿಯವರು ಕರೆದರು. 2016ರಲ್ಲಿ ಕೇಂದ್ರ ಸಂಪುಟ ಪಿಂಜೋರಿನ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಒಪ್ಪಿತು. ಅಂದಿನಿಂದ ಹೊಲದಲ್ಲಿ ಇನ್ನೂ ದುಡಿಯುತ್ತಿರುವ ಎಚ್‌ಎಂಟಿಗಳಿಗೆ ತವರುಮನೆ ಇಲ್ಲ.

ತವರಿಲ್ಲದ ಗಾಡಿ ನಡೆಸುವುದು ಹೇಗೆಂದು ಬಲ್ಲವರು ಮಿಸ್ತ್ರಿಗಳು. ಅವರ ಲೆಕ್ಕದಲ್ಲಿ ಸಾಮಾನಿಗೆ ಮೂರು ಜಾತಿ. ಮೊದಲನೆಯದು ಬೇರಿಂಗು ಮತ್ತು ಆಯಿಲ್ ಸೀಲು. ಬೇರಿಂಗಿನ ಅಂಚಿನಲ್ಲಿ 6205 ಎಂದು ಕೊರೆದಿದ್ದರೆ ಒಳವ್ಯಾಸ 25 ಮಿಲಿಮೀಟರು, ಹೊರವ್ಯಾಸ 52, ದಪ್ಪ 15. ಜೆಕೊಸ್ಲೊವಾಕಿಯಾದ ಬ್ರನೋದಲ್ಲಿ ಮಾಡಿದ್ದಾಗಲಿ ಜೈಪುರದಲ್ಲಿ ಮಾಡಿದ್ದಾಗಲಿ ಇದರಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಸೀಲಿನ ಮೇಲೂ ಹೀಗೇ ಮೂರು ಅಳತೆ ಇರುತ್ತವೆ. ಕಂಪನಿ ಮುಚ್ಚಿದರೂ ಸಂಖ್ಯೆ ಉಳಿಯುತ್ತದೆ, ಸಂಖ್ಯೆ ಇದ್ದರೆ ಸಾಮಾನು ಸಿಗುತ್ತದೆ. ಎರಡನೆಯದು ಬುಶ್ಶು, ಪಿನ್ನು, ಶಾಫ್ಟು: ಇವನ್ನು ಲೇತಿನಲ್ಲಿ ತಿರುವಿ ಮಾಡಬಹುದು. ಮೂರನೆಯದೇ ಕಷ್ಟದ್ದು: ಕ್ರೌನ್ ಪಿನಿಯನ್, ಗೇರು, ಹೈಡ್ರಾಲಿಕ್ ಪಂಪಿನ ಒಡಲು. ಹಲ್ಲು ಕೊರೆಯಲು ಬೇರೆಯೇ ಯಂತ್ರ ಬೇಕು, ಕೊರೆದ ಮೇಲೆ ಕುಲುಮೆಯಲ್ಲಿ ಹದವಾಗಿ ಕಾಯಿಸಿ ಮೇಲ್ಮೈ ಗಟ್ಟಿ ಮಾಡಬೇಕು. ಆ ಹದ ತಪ್ಪಿದ ಗೇರು ಒಂದೆರಡು ಹಂಗಾಮಿನಲ್ಲೇ ಹಲ್ಲು ಕಳೆದುಕೊಳ್ಳುತ್ತದೆ.

ಹೀಗಾಗಿ ಮೂರನೆಯ ಜಾತಿಯ ಸಾಮಾನಿಗೆ ಗುಜರಿಯೇ ಗತಿ. ಎಂಜಿನ್ ಸತ್ತ ಗಾಡಿಯ ಗೇರ್‌ಬಾಕ್ಸು, ಗೇರ್‌ಬಾಕ್ಸು ಸತ್ತ ಗಾಡಿಯ ಎಂಜಿನ್ನು; ಎರಡು ಸೇರಿ ಒಂದು ಗಾಡಿ ಮತ್ತೆ ಹತ್ತು ವರ್ಷ ಉಳುತ್ತದೆ.

ಲೇತಿನ ಮುಂದೆ ಅರ್ಧ ತಾಸು ನಿಂತರೆ ಇನ್ನೊಂದು ಚರಿತ್ರೆ ಕಣ್ಣಿಗೆ ಬೀಳುತ್ತದೆ. ಭಾರತ 1956ರ ಕಾನೂನಿನಿಂದ ಮೆಟ್ರಿಕ್ ಅಳತೆಗೆ ತಿರುಗಿತು. ಆದರೆ ಇಂಗ್ಲಿಷ್ ವಿನ್ಯಾಸದ ಮ್ಯಾಸಿ, ಬಿ-275ಗಳು ಇಂಚಿನ ಲೆಕ್ಕದ ನಟ್ಟು ಬೋಲ್ಟುಗಳನ್ನೇ ಹೊತ್ತು ಬಂದವು. ಜೆಟರ್ ಮಾತ್ರ ಮಿಲಿಮೀಟರಿನದು. ಅರ್ಧ ಇಂಚಿನ ಬೋಲ್ಟು ಎಂದರೆ 12.7 ಮಿಲಿಮೀಟರು. ಅದು ಮುರಿದ ಜಾಗಕ್ಕೆ 12ರ ಬೋಲ್ಟು ಹಾಕಿ ಬಿಗಿದರೆ ಮೊದಲ ದಿನ ನಿಂತಂತೆ ಕಾಣುತ್ತದೆ, ಎರೆಹೊಲದಲ್ಲಿ ರೆಂಟೆ ಎಳೆದ ದಿನ ಒಳಗಿನ ಮರೆಯನ್ನೂ ಕಿತ್ತುಕೊಂಡು ಹೊರಬರುತ್ತದೆ. ಹಿರಿಯ ಲೇತ್ ಕೆಲಸಗಾರರು ಇಂದಿಗೂ ಇಂಚನ್ನು ಎಂಟು ಸೂತು ಮಾಡಿ ಎಣಿಸುತ್ತಾರೆ, ವರ್ನಿಯರ್ ಹಿಡಿದಾಗ ಮಿಲಿಮೀಟರಿಗೆ ಬರುತ್ತಾರೆ, ಕ್ರ್ಯಾಂಕಿನ ಮಾತು ಬಂದರೆ ಮತ್ತೆ ಇಂಚಿನ ಸಾವಿರದ ಭಾಗಕ್ಕೆ ಮರಳುತ್ತಾರೆ. ‘ಹತ್ತು ಸೈಜು’ ಎಂದರೆ ಸವೆದ ಕ್ರ್ಯಾಂಕನ್ನು ಇಂಚಿನ ಸಾವಿರದ ಹತ್ತು ಭಾಗ, ಸುಮಾರು ಕಾಲು ಮಿಲಿಮೀಟರು, ತೇಯಿಸಿ ಅದಕ್ಕೆ ತಕ್ಕಂತೆ ದಪ್ಪ ಹೆಚ್ಚಿಸಿದ ಬೇರಿಂಗ್ ಕೂರಿಸುವುದು. ಮುಂದಿನ ಸಲ ಇಪ್ಪತ್ತು, ಆಮೇಲೆ ಮೂವತ್ತು. ನಲವತ್ತು ದಾಟಿದರೆ ಆ ಕ್ರ್ಯಾಂಕಿನ ಆಯುಸ್ಸು ಬಹುತೇಕ ಮುಗಿದಂತೆ. ಒಂದು ಹಳೆ ಟ್ರ್ಯಾಕ್ಟರಿನ ಕ್ರ್ಯಾಂಕ್ ಎಷ್ಟನೇ ಸೈಜಿನಲ್ಲಿದೆ ಎಂದು ಕೇಳಿದರೆ ಸಾಕು, ಅದು ಎಷ್ಟು ದುಡಿದಿದೆ ಎಂಬುದು ಕಾಗದಪತ್ರಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಲೇತು ಕೈಚೆಲ್ಲುವ ಒಂದು ಭಾಗವಿದೆ, ಡೀಸೆಲ್ ಪಂಪು. ಅದರೊಳಗಿನ ಪ್ಲಂಜರು ಮತ್ತು ಅದು ಆಡುವ ಬ್ಯಾರೆಲ್ಲಿನ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನು ಮಾತ್ರ. ಅವೆರಡನ್ನೂ ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸುವಂತಿಲ್ಲ. ಇಂಥ ಕೆಲಸವನ್ನು ಈ ದೇಶದಲ್ಲಿ ನೆಲೆಗೊಳಿಸಿದ್ದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. 1951ರಲ್ಲಿ ಶುರುವಾದ ಮೈಕೋ, ಆಡುಗೋಡಿಯ ಕಾರ್ಖಾನೆಯಲ್ಲಿ ಜರ್ಮನಿಯ ಬಾಷ್ ತಂತ್ರಜ್ಞಾನದ ಪಂಪುಗಳನ್ನು ತಯಾರಿಸಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ರಾಯಚೂರು, ಗದ್ವಾಲದ ಪಂಪ್ ರಿಪೇರಿಯವರಿಗೆ ಅದು ಈಗಲೂ ಮೈಕೋ ಪಂಪೇ. ಎಲಿಮೆಂಟು ಎಂದು ಕರೆಯುವ ಆ ಪ್ಲಂಜರು-ಬ್ಯಾರೆಲ್ಲಿನ ಜೋಡಿ, ಡೆಲಿವರಿ ವಾಲ್ವು, ನಾಜಲ್ ಈ ಮೂರರಲ್ಲಿ ಅಗ್ಗದ ನಕಲಿ ಸಾಮಾನು ಹಾಕಿಸಿಕೊಂಡು ಉಳಿಸುವ ದುಡ್ಡನ್ನು ಗಾಡಿ ಡೀಸೆಲ್ಲಿನಲ್ಲಿ ಬಡ್ಡಿ ಸಮೇತ ವಸೂಲು ಮಾಡುತ್ತದೆ.

ಯಾವ ಸಾಮಾನು ಹೆಚ್ಚು ಖರ್ಚಾಗುತ್ತದೆ ಎಂಬುದನ್ನು ಬದಲಿಸಿದ್ದು ನೀರು. ಐವತ್ತರ ದಶಕದ ರಾಜೋಳಿಬಂಡ ಯೋಜನೆ ಗದ್ವಾಲ, ಆಲಂಪುರ ಸೀಮೆಯ 87,500 ಎಕರೆಗೆ ತುಂಗಭದ್ರೆಯ ನೀರು ಕೊಡಬೇಕೆಂದು ಲೆಕ್ಕ ಹಾಕಿದ ಯೋಜನೆ. ಕೊನೆಯ ಹೊಲಗಳಿಗೆ ನೀರು ಮುಟ್ಟದ ದೂರು ದಶಕಗಳಿಂದಲೂ ಇದೆ. 1981ರಲ್ಲಿ ಅಡಿಗಲ್ಲು ಬಿದ್ದ ಕೃಷ್ಣೆಯ ಜುರಾಲಾ ಅಣೆಕಟ್ಟೆ ತೊಂಬತ್ತರ ದಶಕದಲ್ಲಿ ಕಾಲುವೆಗೆ ನೀರು ಬಿಟ್ಟಿತು. ಅದರ ಗುರಿ ಸುಮಾರು ಒಂದು ಲಕ್ಷ ಎಕರೆ. ಆಮೇಲೆ ಭೀಮಾ ಏತ ನೀರಾವರಿಯ ಸಂಗಂಬಂಡ, ಭೂತ್ಪುರ ಜಲಾಶಯಗಳು ಮಕ್ತಲ್ ಪಕ್ಕದಲ್ಲೇ ತುಂಬಿದವು. ಜೋಳ, ತೊಗರಿ, ಸೇಂಗಾ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು.

ಒಣಬೇಸಾಯದ ಟ್ರ್ಯಾಕ್ಟರು ಕೆಡುವ ರೀತಿಯೇ ಬೇರೆ. ಬೇಸಿಗೆಯ ಆಳ ಉಳುಮೆಯಲ್ಲಿ ಕ್ಲಚ್ ಪ್ಲೇಟು ಸುಡುತ್ತದೆ, ಕ್ರೌನ್ ಪಿನಿಯನ್ ಅರೆಯುತ್ತದೆ, ಧೂಳು ನುಗ್ಗಿ ಲೈನರ್ ಸವೆಯುತ್ತದೆ. ಗಾಳಿಯಿಂದಲೇ ತಂಪಾಗುವ ಹಳೆ ಐಷರ್ ಎಂಜಿನ್ನಿಗೆ ರೇಡಿಯೇಟರಿನ ಕಾಟವಿಲ್ಲ, ಆದರೆ ಸಿಲಿಂಡರಿನ ರೆಕ್ಕೆಗಳ ನಡುವೆ ಧೂಳು ಕಟ್ಟಿದರೆ ಅದು ಕಾದು ಹಿಡಿದುಕೊಳ್ಳುತ್ತದೆ. ನೀರು ಬಂದ ಮೇಲೆ ಒಣಹೊಲದ ಗಾಡಿಗಳೇ ಕಬ್ಬಿಣದ ಗಾಲಿ ಕಟ್ಟಿಕೊಂಡು ಮೊಣಕಾಲುದ್ದ ಕೆಸರಿಗೆ ಇಳಿದವು. ಅಚ್ಚಿನ ತುದಿಯ ಸೀಲು ಹರಿದು ಕೆಸರುನೀರು ಹಬ್ಬಿನೊಳಗೆ ಹೋಗುತ್ತದೆ, ಗ್ರೀಸು ತೊಳೆದುಹೋಗಿ ಬೇರಿಂಗು ತುಕ್ಕು ಹಿಡಿಯುತ್ತದೆ. ಹಳೆ ಗಾಡಿಗಳ ಒಣ ಬ್ರೇಕಿಗೆ ಕೆಸರು ಮೆತ್ತಿಕೊಂಡರೆ ಹಿಡಿತವೇ ಇಲ್ಲ. ಆಯಿಲಿನಲ್ಲಿ ಮುಳುಗಿರುವ ಬ್ರೇಕು ಬಂದದ್ದು ಆಮೇಲಿನ ಮಾದರಿಗಳಲ್ಲಿ. ಹೀಗೆ ಒಂದು ಕಾಲದಲ್ಲಿ ಕ್ಲಚ್ ಪ್ಲೇಟಿಗೆ ಜೋತುಬೀಳುತ್ತಿದ್ದ ಗಿರಾಕಿ ಈಗ ಜುಲೈ, ಆಗಸ್ಟಿನಲ್ಲಿ ಸೀಲು ಮತ್ತು ಹಬ್ ಬೇರಿಂಗು ಕೇಳುತ್ತಾನೆ. ಅಣೆಕಟ್ಟೆಯ ಚರಿತ್ರೆ ಬರೆಯುವವರು ಎಕರೆ, ಟಿಎಂಸಿ ಲೆಕ್ಕ ಕೊಡುತ್ತಾರೆ. ಸೀಲಿನ ಅಂಗಡಿಯ ಬಿಲ್ಲು ಪುಸ್ತಕವೂ ಆ ಚರಿತ್ರೆಯ ದಾಖಲೆಯೇ.

ಜುರಾಲಾ ಇನ್ನೊಂದು ಕೆಲಸವನ್ನೂ ಮಾಡಿತು. ಅಣೆಕಟ್ಟೆಯ ಮೇಲಿನ ರಸ್ತೆ ಆತ್ಮಕೂರು, ಮಕ್ತಲ್ ಕಡೆಯನ್ನು ಗದ್ವಾಲಕ್ಕೆ ಹತ್ತಿರ ಮಾಡಿತು. ಹತ್ತಿ ಬೀಜೋತ್ಪಾದನೆಯ ದುಡ್ಡು ಓಡಾಡುವ ಗದ್ವಾಲದಲ್ಲಿ ಈಗ ಸಾಮಾನಿನ ಅಂಗಡಿಗಳಿಗೆ ಕೊರತೆಯಿಲ್ಲ. ಅಲ್ಲಿ ಸಿಗದಿದ್ದರೆ ಕರ್ನೂಲು, ಇಲ್ಲವೇ ಸಿಕಂದರಾಬಾದಿನ ರಾಣಿಗಂಜ್. ನಾರಾಯಣಪೇಟೆಯವರಿಗೆ ಯಾದಗಿರಿಯೂ ಹತ್ತಿರ. 2023ರ ಅಕ್ಟೋಬರ್ 1ರಂದು ಜಕ್ಲೇರ್ ಮತ್ತು ಕೃಷ್ಣಾ ನಡುವಿನ ಹೊಸ ರೈಲು ಮಾರ್ಗ ತೆರೆದ ಮೇಲೆ ಮಕ್ತಲ್‌ಗೆ ರಾಯಚೂರು, ಹೈದರಾಬಾದು ಎರಡೂ ರೈಲಿನಲ್ಲಿ ಸಿಗುವಂತಾದವು. ಆದರೂ ಈ ಎಲ್ಲ ಊರಿನ ಅಂಗಡಿಗಳ ಬೇರು ಇರುವುದು ಉತ್ತರದಲ್ಲಿ: ದಿಲ್ಲಿಯ ಕಾಶ್ಮೀರಿ ಗೇಟು, ಪಂಜಾಬಿನ ಲುಧಿಯಾನ, ಗುಜರಾತಿನ ರಾಜಕೋಟ. ಮದ್ರಾಸು, ಪಟಿಯಾಲ, ಯಲಹಂಕದ ಪಿಸ್ಟನ್ ರಿಂಗುಗಳು ಕಂಪನಿ ಸಾಮಾನಾಗಿ ಬಂದರೆ, ಹೆಸರಿಲ್ಲದ ಸಣ್ಣ ಫೌಂಡ್ರಿಗಳ ಮಾಲು ‘ಲೋಕಲ್’ ಎಂಬ ಹೆಸರಿನಲ್ಲಿ ಬರುತ್ತದೆ. ಲೋಕಲ್ ಎಂದಮಾತ್ರಕ್ಕೆ ಕೆಟ್ಟದ್ದೆಂದು ತಿಳಿಯಬೇಕಿಲ್ಲ. ಕಂಪನಿ ಕೈಬಿಟ್ಟ ಎಷ್ಟೋ ಮಾದರಿಗಳನ್ನು ಬದುಕಿಸಿರುವವರು ಆ ಫೌಂಡ್ರಿಯವರೇ. ಕಂಪನಿಯ ಡಬ್ಬಿಯನ್ನೇ ನಕಲು ಮಾಡಿ ಮಾರುವವರ ಮೇಲೆ ಮಾತ್ರ ಕೋಪ ಬರಬೇಕು.

ಹಳೆ ಟ್ರ್ಯಾಕ್ಟರು ಇಟ್ಟುಕೊಳ್ಳುವುದಕ್ಕೆ ಕಾನೂನಿನ ತಡೆಯಿಲ್ಲ. ಕೃಷಿ ಟ್ರ್ಯಾಕ್ಟರಿನ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹತ್ತು ವರ್ಷವಾದ ಟ್ರ್ಯಾಕ್ಟರುಗಳನ್ನು ಗುಜರಿಗೆ ಹಾಕಬೇಕೆಂಬ ಸುದ್ದಿ ಹಬ್ಬಿದಾಗ ಕೇಂದ್ರ ಸಾರಿಗೆ ಸಚಿವಾಲಯವೇ ಅದು ಸುಳ್ಳೆಂದು ಹೇಳಿತು. 50 ಅಶ್ವಶಕ್ತಿ ಮೀರಿದ ಹೊಸ ಗಾಡಿಗಳಿಗೆ 2023ರ ಜನವರಿಯಿಂದ ಕಟ್ಟುನಿಟ್ಟಿನ ಹೊಗೆ ನಿಯಮ ಬಂದು ಎಲೆಕ್ಟ್ರಾನಿಕ್ ನಿಯಂತ್ರಣ ಒಳಗೆ ಕೂತಿದೆ. ಅವು ಕೆಟ್ಟರೆ ಸ್ಪ್ಯಾನರ್ ಸಾಲದು, ಕಂಪನಿಯ ಕಂಪ್ಯೂಟರ್ ಬೇಕು. ಮೂವತ್ತು ಎಕರೆಯವರಿಗೆ ಅದು ಭಾರವಾಗಲಿಕ್ಕಿಲ್ಲ. ಐದೆಕರೆಯ ಮನೆಗೆ, ಊರ ಮಿಸ್ತ್ರಿ ಬಿಚ್ಚಿ ಕೂಡಿಸಬಲ್ಲ ಹಳೆ ಮ್ಯಾಸಿಯೇ ಮೇಲು.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಜಾಲತಾಣವೂ ಬಂತು. ಮೊಬೈಲು, ಗೃಹೋಪಯೋಗಿ ವಸ್ತು, ವಾಹನಗಳ ಜೊತೆಗೆ ಕೃಷಿ ಯಂತ್ರಗಳನ್ನೂ ಅದರಲ್ಲಿ ಸೇರಿಸಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಟೈರು ಮತ್ತು ಹಲವು ಬಿಡಿಭಾಗಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಎರಡೂ ಒಳ್ಳೆಯ ಹೆಜ್ಜೆಗಳು. ಆದರೆ ತಯಾರಿಯೇ ನಿಂತುಹೋದ ಸಾಮಾನಿಗೆ ತೆರಿಗೆ ಇಳಿಸಿ ಫಲವಿಲ್ಲ. ಅದಕ್ಕೆ ಬೇಕಾದದ್ದು ಅಳತೆ: ಯಾವ ಗೇರಿಗೆ ಎಷ್ಟು ಹಲ್ಲು, ಯಾವ ಉಕ್ಕು, ಎಷ್ಟು ಗಡಸು.

ಎಚ್‌ಎಂಟಿ ಸರ್ಕಾರದ ಕಂಪನಿ. ಅದರ ಟ್ರ್ಯಾಕ್ಟರುಗಳ ನಕ್ಷೆ, ಬಿಡಿಭಾಗಗಳ ಪಟ್ಟಿ ಜನರ ದುಡ್ಡಿನಲ್ಲಿ ಆದವು. ಅವನ್ನು ಯಾರು ಬೇಕಾದರೂ ನೋಡಿ ಸಾಮಾನು ಮಾಡಿಕೊಳ್ಳುವಂತೆ, ಕನ್ನಡದಲ್ಲೂ ತೆಲುಗಿನಲ್ಲೂ ಬಿಡುಗಡೆ ಮಾಡಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಅನಂತಪುರದ ಗಾರ್ಲದಿನ್ನೆಯಲ್ಲಿರುವ ಕೇಂದ್ರ ಸರ್ಕಾರದ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ, ಈ ಭಾಗದ ಐಟಿಐಗಳು ಕೈಜೋಡಿಸಿದರೆ ಹರ್ಷ, ಪಿಟ್ಟಿಯಂಥ ಗಾಡಿಗಳ ಭಾಗಗಳನ್ನು ಗುಜರಿ ಸೇರುವ ಮುಂಚೆಯೇ ಅಳೆದು ಬರೆದಿಡಬಹುದು. ಓದುಗರ ಮನೆಯ ಅಟ್ಟದ ಮೇಲೂ ಅಪ್ಪನ ಕಾಲದ ಟ್ರ್ಯಾಕ್ಟರಿನ ಜೊತೆ ಬಂದ ಪಾರ್ಟ್ಸ್ ಪುಸ್ತಕ ಬಿದ್ದಿರಬಹುದು. ಗಾಡಿ ಮಾರಿ ಎಷ್ಟೋ ವರ್ಷವಾಗಿದ್ದರೂ ಅದನ್ನು ರದ್ದಿಗೆ ಹಾಕಬೇಡಿ. ಒಂದು ಪ್ರತಿ ಮಾಡಿಸಿ, ಹತ್ತಿರದ ಲೇತಿನವರಿಗೋ ಸಾಮಾನಿನ ಅಂಗಡಿಗೋ ಕೊಟ್ಟುಬನ್ನಿ.